ದಿಂಬಂ ಚಳಿಗೆ ಯಾವ ಬಿದಿರು?



ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದು ನಾವು ದೇವಾಲಯದ ಬಾಗಿಲಲ್ಲಿ ನಿಂತಿದ್ದಾಗ, ನಮ್ಮ ಧರ್ಮಕೇಂದ್ರದ ರೈತರೊಬ್ಬರು ಜೇಬಿನಿಂದ ಮಡಿಚಿದ ಬಣ್ಣದ ಕಾಗದವೊಂದನ್ನು ತೆಗೆದು ನಮ್ಮ ಕೈಗಿಟ್ಟರು. "ಸ್ವಾಮಿ, ಇದನ್ನೊಸಿ ಓದಿ ಹೇಳಿ. ಸಸಿ ಮಾರೋರು ಬಂದಿದ್ರು. ಬೆಟ್ಟದ ಬಿದಿರಂತೆ. ಎಂಥಾ ಚಳಿಗೂ ಸಾಯಲ್ವಂತೆ" ಎಂದರು. ಅವರಿಗಿರುವುದು ಒಂದೂವರೆ ಎಕರೆ. ಅದರಲ್ಲಿ ರಾಗಿ ಬೆಳೆಯುತ್ತಾರೆ, ಅಂಚಿನಲ್ಲಿ ಅವರೆ. ಅಷ್ಟನ್ನೂ ಉತ್ತು ಬಿದಿರು ನೆಡಬೇಕೆಂದೂ, ಸಸಿಯ ಹಣಕ್ಕೆ ಮನೆಯವರ ಓಲೆಯನ್ನು ಅಡವಿಡಬೇಕೆಂದೂ ಯೋಚಿಸಿದ್ದರು. ಅವರ ಹೆಂಡತಿ ಸ್ವಲ್ಪ ದೂರದಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದರು.

ಆ ದಿನ ನಾವು ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ. ಏಕೆಂದರೆ ಆ ಕಾಗದ ಅವರೊಬ್ಬರ ಕೈಗೆ ಬಂದದ್ದಲ್ಲ ಎಂದು ಆಮೇಲೆ ತಿಳಿಯಿತು.

ನಾವು ಗುರುಮಠದಲ್ಲಿ ಓದಿದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ, ಕೃಷಿಶಾಸ್ತ್ರವನ್ನಲ್ಲ. ಆದರೆ ಈ ವಿಷಯದಲ್ಲಿ ನಮಗೆ ಸ್ವಂತ ಅನುಭವವಿದೆ, ಅದೂ ಕೈ ಸುಟ್ಟುಕೊಂಡ ಅನುಭವ. ೨೦೧೫ರ ಜೂನ್ ತಿಂಗಳಲ್ಲಿ ಗುರುಗಳ ಮನೆಯ ಹಿತ್ತಲಲ್ಲಿ ನಾವು ಮೂವತ್ತೆರಡು ಬಿದಿರು ಸಸಿಗಳನ್ನು ನೆಟ್ಟೆವು. ಅದರಲ್ಲಿ ಹನ್ನೆರಡು ಇಂಥದೇ 'ಚಳಿ ತಡೆಯುವ ಬೆಟ್ಟದ ಬಿದಿರು'. ಸಣ್ಣ ಎಲೆ, ತೆಳ್ಳಗಿನ ಗಳ, ನೋಡಲು ಬಹಳ ಚಂದ. ಉಳಿದ ಇಪ್ಪತ್ತು ನಮ್ಮ ಕಡೆಯದೇ ಆದ ಕಿರುಬಿದಿರು. ಡಿಸೆಂಬರ್ ಬಂತು. ಮಂಜು ಮುಸುಕಿ ಹತ್ತು ಗಂಟೆಯಾದರೂ ಸೂರ್ಯ ಕಾಣದ ದಿನಗಳಲ್ಲಿ ಆ ಹನ್ನೆರಡೂ ಹಚ್ಚಗೆ ನಗುತ್ತಿದ್ದವು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆವು. ಫೆಬ್ರವರಿ ಕೊನೆಗೆ ಎಲೆ ಸುರುಳಿ ಸುತ್ತತೊಡಗಿತು. ಪಾಸ್ಕ ಹಬ್ಬದ ಹೊತ್ತಿಗೆ ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ. ಅವುಗಳನ್ನು ಕೊಂದದ್ದು ಡಿಸೆಂಬರಲ್ಲ, ಮಾರ್ಚ್. ಈ ಲೇಖನದ ಸಾರವೆಲ್ಲ ಇಷ್ಟರಲ್ಲೇ ಇದೆ, ಆದರೂ ಕಾರಣ ತಿಳಿದುಕೊಳ್ಳುವುದು ಒಳ್ಳೆಯದು.

ಬೆಟ್ಟದ ಬಿದಿರು ಎಂಬುದು ಸುಳ್ಳಲ್ಲ. ನೀಲಗಿರಿಯ ಮೇಲ್ಭಾಗದ ಶೋಲಾ ಕಾಡುಗಳಲ್ಲಿ, ಮರಗಳ ನೆರಳಿನಲ್ಲಿ, ಆಳೆತ್ತರಕ್ಕೆ ಬೆಳೆಯುವ ತೆಳು ಬಿದಿರುಗಳಿವೆ. ಹಿಂದಿನ ಪುಸ್ತಕಗಳು ಅವುಗಳನ್ನು ಅರುಂಡಿನೇರಿಯಾ ಎಂದು ಕರೆಯುತ್ತಿದ್ದವು. ೨೦೧೪ರಲ್ಲಿ ಸಸ್ಯವಿಜ್ಞಾನಿಗಳು ಬೇರೆ ಮಾಡಿ ಕುರುನಾ ಎಂಬ ಹೆಸರು ಕೊಟ್ಟರು. ಹಿಮಾಲಯದ ಉತ್ತರಾಖಂಡದಲ್ಲಿ ರಿಂಗಾಲ್ ಎಂಬ ಗುಡ್ಡದ ಬಿದಿರಿದೆ, ಅಲ್ಲಿಯವರು ಅದರಿಂದ ಬುಟ್ಟಿ, ಚಾಪೆ ಹೆಣೆಯುತ್ತಾರೆ. ಅರುಣಾಚಲದ ಜೀರೋ ಕಣಿವೆಯಲ್ಲಿ, ಸುಮಾರು ೧,೫೦೦ ಮೀಟರ್ ಎತ್ತರದಲ್ಲಿ, ಅಪತಾನಿ ಎಂಬ ಬುಡಕಟ್ಟಿನ ಜನರು ಚಳಿ ತಡೆಯುವ ಬಿದಿರನ್ನು ತೋಪುಗಳಲ್ಲಿ ಬೇಲಿ ಹಾಕಿ ಬೆಳೆಸುತ್ತಾರೆ. ಚೀನಾ, ಜಪಾನ್ ದೇಶಗಳ ಮೋಸೊ ಬಿದಿರು ನೀರು ಕಲ್ಲಾಗುವಂಥ ಚಳಿಯಲ್ಲೂ ಬದುಕುತ್ತದೆ. ಇವೆಲ್ಲ ನಿಜವೇ.

ಆದರೆ ಇವೆಲ್ಲ ಹುಟ್ಟಿ ಬೆಳೆದ ಜಾಗಗಳಲ್ಲಿ ಚಳಿಯ ಜೊತೆಗೆ ಇನ್ನೊಂದು ವಸ್ತುವಿದೆ, ಅದು ತೇವ. ಶೋಲಾ ಕಾಡಿನ ನೆಲವನ್ನು ಮುಟ್ಟಿ ನೋಡಿದವರಿಗೆ ಗೊತ್ತು, ಬೇಸಿಗೆಯಲ್ಲೂ ಅದು ಒದ್ದೆ ಹತ್ತಿಯಂತೆ ಇರುತ್ತದೆ. ನಮ್ಮ ದಿಂಬಂ ಹಾಗಲ್ಲ. ಬಣ್ಣಾರಿಯಿಂದ ಇಪ್ಪತ್ತೇಳು ತಿರುವು ಹತ್ತಿ ಬಂದವರು ಇಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಶಾಲು ಹೊದೆಯುತ್ತಾರೆ, ಊಟಿಗೆ ಬಂದೆವೇನೋ ಎನ್ನುತ್ತಾರೆ. ಊಟಿ ಇರುವುದು ಸುಮಾರು ೨,೨೪೦ ಮೀಟರ್ ಎತ್ತರದಲ್ಲಿ, ನಮ್ಮ ದಿಂಬಂ ಅದರ ಅರ್ಧದ ಆಸುಪಾಸು. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ ಎಂಬುದು ಶಾಲೆಯ ಪಾಠ. ಹಾಗಾಗಿ ಊಟಿಯ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ ಕೂರುವ ಬೆಳಿಗ್ಗೆ ನಮ್ಮಲ್ಲಿ ಬರೀ ಇಬ್ಬನಿ. ಗಿಡದೊಳಗಿನ ನೀರು ಹೆಪ್ಪುಗಟ್ಟಿದರೆ ಗಿಡ ಸಾಯುತ್ತದೆ, ತಣ್ಣನೆಯ ಇಬ್ಬನಿಯಿಂದ ಸಾಯುವುದಿಲ್ಲ.

ಇನ್ನೊಂದು ಮಾತನ್ನೂ ಗಮನಿಸಬೇಕು. ದಿಂಬಂ ನೆತ್ತಿಗಿಂತ ತಾಳವಾಡಿ ಕಡೆಯ ತಗ್ಗು ಹೊಲಗಳಲ್ಲಿ ಬೆಳಗಿನ ಚಳಿ ಒಮ್ಮೊಮ್ಮೆ ಹೆಚ್ಚು. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಅದೂ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನೆತ್ತಿಯಲ್ಲಿ ಗಾಳಿ ಬೀಸುತ್ತಲೇ ಇರುವುದರಿಂದ ಮೈಗೆ ಚಳಿ ಎನಿಸುತ್ತದೆಯೇ ಹೊರತು ಗಿಡಕ್ಕೆ ಅದು ಅಷ್ಟು ಕೇಡಲ್ಲ. ಎಳೆಯ ಸಸಿಯನ್ನು ಗುಂಡಿಯಂಥ ತಗ್ಗಿನಲ್ಲಿ ನೆಡುವುದಕ್ಕಿಂತ ಇಳಿಜಾರಿನ ಮಧ್ಯದಲ್ಲಿ ನೆಡುವುದೇ ಲೇಸು ಎನ್ನುವುದು ಇದಕ್ಕಾಗಿ.

ನಮ್ಮ ನಿಜವಾದ ಕಷ್ಟ ಜನವರಿಯಿಂದ ಏಪ್ರಿಲ್ ಮಳೆ ಬೀಳುವವರೆಗಿನದು. ಮಂಜು ಕವಿದಿದ್ದರೆ ತೇವ ಇದೆ ಎಂದು ನಾವು ಭಾವಿಸುತ್ತೇವೆ. ಮಂಜು ಎಲೆಯನ್ನು ನೆನೆಸುತ್ತದೆ, ಬೇರನ್ನು ನೆನೆಸುವುದಿಲ್ಲ. ಹಿತ್ತಲಲ್ಲಿ ಒಂದು ಗೇಣು ಅಗೆದು ನೋಡಿ, ಧೂಳು. ಆ ಮೂರು ತಿಂಗಳಲ್ಲಿ ಮೇಲಿನಿಂದ ಬಿಸಿಲು, ಪಕ್ಕದಿಂದ ಒಣಗಾಳಿ. ಶೋಲಾದ ಬಿದಿರಿಗೆ ಇದು ಮರಣಶಾಸನ. ಮನೆಯ ಮುಂದೆ ನೆರಳಿನಲ್ಲಿ, ದಿನವೂ ನೀರು ಹುಯ್ಯುವವರು ಅಂದಕ್ಕೆ ಒಂದೆರಡು ಬೆಳೆಸಿದರೆ ನಮ್ಮ ಆಕ್ಷೇಪವಿಲ್ಲ. ಬೆಳೆಯಾಗಿ ಅದು ಇಲ್ಲಿ ಆಗದು. ಮೋಸೊ ಜಾತಿಯವಕ್ಕೆ ಇನ್ನೊಂದು ಗುಣವಿದೆ. ಅವುಗಳ ಬೇರುಗೆಡ್ಡೆ ಮೆಳೆಯಾಗಿ ಒಂದೆಡೆ ನಿಲ್ಲದೆ, ಗರಿಕೆಯ ಹಾಗೆ ನೆಲದಡಿ ಓಡುತ್ತದೆ, ಬದು ದಾಟಿ ಪಕ್ಕದವರ ಹೊಲದಲ್ಲಿ ತಲೆ ಎತ್ತುತ್ತದೆ. ಬದುವಿನ ಜಗಳಗಳನ್ನು ಬಿಡಿಸಿ ಬಿಡಿಸಿ ಸಾಕಾಗಿರುವ ನಮಗೆ ಅದನ್ನು ನೆಡಿ ಎಂದು ಹೇಳುವ ಧೈರ್ಯವಿಲ್ಲ.

ಹಾಗಾದರೆ ಯಾವುದು? ಉತ್ತರ ನಮ್ಮ ಸುತ್ತಲಿನ ಕಾಡಿನಲ್ಲೇ ಇದೆ. ಹಳ್ಳದ ಬದಿ, ನೀರಿನ ಪಸೆ ಇರುವ ಕಡೆ ಹೆಬ್ಬಿದಿರು. ಮುಳ್ಳಿನ ದೊಡ್ಡ ಮೆಳೆ, ದಪ್ಪ ಗಳ. ಒಣ ಇಳಿಜಾರಿನಲ್ಲಿ, ಕಲ್ಲು ಮಣ್ಣಿನಲ್ಲಿ ಕಿರುಬಿದಿರು. ಸಸಿಗಳ ಚೀಟಿಯಲ್ಲಿ ಹೆಬ್ಬಿದಿರಿಗೆ ಬ್ಯಾಂಬೂಸಾ ಬ್ಯಾಂಬೋಸ್ ಎಂದೂ ಕಿರುಬಿದಿರಿಗೆ ಡೆಂಡ್ರೊಕೆಲಾಮಸ್ ಸ್ಟ್ರಿಕ್ಟಸ್ ಎಂದೂ ಬರೆದಿರುತ್ತಾರೆ, ಈ ಹೆಸರನ್ನು ನೋಡಿಯೇ ಕೊಳ್ಳಿ. ಕಿರುಬಿದಿರು ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಚಳಿಯನ್ನೂ ೪೫ ಡಿಗ್ರಿಯ ಬಿಸಿಲನ್ನೂ ತಾಳಬಲ್ಲದು, ವರ್ಷಕ್ಕೆ ೭೫೦ ಮಿಲಿಮೀಟರ್ ಮಳೆಯಾದರೆ ಸಾಕು. ಅದು ಸಹಿಸದ್ದು ಒಂದೇ, ಬುಡದಲ್ಲಿ ನಿಂತ ನೀರು. ಒಣ ಜಾಗದಲ್ಲಿ ಬೆಳೆದಷ್ಟೂ ಅದರ ಗಳ ಒಳಗೆ ತುಂಬಿ ಗಟ್ಟಿಯಾಗುತ್ತದೆ. ಪೊಲೀಸರ ಲಾಠಿ ಅದರದೇ. ಬರವೇ ಅದಕ್ಕೆ ಬಲ ಕೊಡುತ್ತದೆ ಎಂದರೂ ಸರಿಯೇ.

ಇಲ್ಲಿ ಒಂದು ಎಚ್ಚರಿಕೆ. ಕಿರುಬಿದಿರು ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ. ಅದು ಸತ್ತದ್ದಲ್ಲ, ನೀರು ಉಳಿಸಿಕೊಳ್ಳಲು ಹೂಡಿದ ಉಪಾಯ. ನಮ್ಮ ಸಸಿಗಳನ್ನು ಕಂಡು ಆಸೆಪಟ್ಟು ನೆಟ್ಟಿದ್ದ ಒಬ್ಬ ತರುಣ ಮಾರ್ಚ್ ತಿಂಗಳಲ್ಲಿ ಬೋಳು ಕಡ್ಡಿಗಳನ್ನು ಕಂಡು ಸಿಟ್ಟಿನಿಂದ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದ. ನಮ್ಮವೂ ಹಾಗೇ ಬೋಳಾಗಿದ್ದವು, ಮೇ ತಿಂಗಳ ಮಳೆಗೆ ಇಪ್ಪತ್ತರಲ್ಲಿ ಹದಿನೇಳು ಚಿಗುರಿದವು. ಉಗುರಿನಿಂದ ಕಡ್ಡಿಯ ಬುಡ ಕೆರೆದು ನೋಡಿದರೆ ಹಸಿರು ಇದೆಯೋ ಇಲ್ಲವೋ ತಿಳಿಯುತ್ತದೆ. ಕೀಳುವ ಮುಂಚೆ ಅಷ್ಟಾದರೂ ಮಾಡಿ.

ಇನ್ನು ನೆಡುವ ಕ್ರಮ. ಏಪ್ರಿಲ್‌ನಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿನ ಜೊತೆ ಹತ್ತು ಕಿಲೋ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಕಿರುಬಿದಿರಿಗೆ ಹದಿನೈದು ಅಡಿ ಅಂತರ ಸಾಕು, ಹೆಬ್ಬಿದಿರಿಗೆ ಇಪ್ಪತ್ತು ಅಡಿಗೆ ಕಡಿಮೆ ಬೇಡ. ಜೂನ್ ಮಳೆ ಹಿಡಿದ ಕೂಡಲೇ ನೆಟ್ಟರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ನಮ್ಮ ದೊಡ್ಡ ಮಳೆಯೂ ಅದಕ್ಕೆ ಸಿಕ್ಕಿ ಬೇರು ಆಳಕ್ಕೆ ಇಳಿಯುತ್ತದೆ. ತಡಮಾಡಿ ನವೆಂಬರ್‌ನಲ್ಲಿ ನೆಟ್ಟ ಸಸಿಗೆ ಬೇಸಿಗೆ ಎದುರಿಸುವ ಬೇರೇ ಇರುವುದಿಲ್ಲ. ಜೂನ್, ಜುಲೈ ತಿಂಗಳ ಗಾಳಿಗೆ ಸಸಿ ಅಲ್ಲಾಡದಂತೆ ಒಂದು ಊರುಗೋಲು ಕಟ್ಟಿ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ನೀರು ಕೊಡಲೇಬೇಕು. ಬುಡಕ್ಕೆ ಒಣ ಎಲೆ, ಹುಲ್ಲು, ಅವರೆ ಸಿಪ್ಪೆ ಏನಾದರೂ ದಪ್ಪಗೆ ಮುಚ್ಚಿ. ಈ ಮುಚ್ಚಿಗೆಯೇ ಅರ್ಧ ನೀರಾವರಿ. ಆದರೆ ಫೆಬ್ರವರಿಯಲ್ಲಿ ಕಾಡಿನ ಬೆಂಕಿ ಹರಡುವ ಕಡೆಯವರು ಮುಚ್ಚಿಗೆಯ ಸುತ್ತ ನಾಲ್ಕಡಿ ಕೆರೆದು ಬರಿನೆಲ ಮಾಡಿಕೊಳ್ಳಬೇಕು, ಇಲ್ಲವಾದರೆ ಅದೇ ಕಿಡಿಗೆ ಹಾಸಿಗೆಯಾಗುತ್ತದೆ.

ಸಸಿಯನ್ನು ಬೀಜದಿಂದ ಮಾಡಿದ್ದೋ ಗೆಡ್ಡೆಯಿಂದ ಮಾಡಿದ್ದೋ ಎಂದು ಕೇಳುವುದು ಬಹಳ ಮುಖ್ಯ. ಕಿರುಬಿದಿರಿನ ಗಳ ಗಟ್ಟಿಯಾದ್ದರಿಂದ ಗೆಣ್ಣು ತುಂಡು ನೆಟ್ಟರೆ ಬೇರು ಬರುವುದು ಕಷ್ಟ. ಬೀಜದ ಸಸಿ ಅಥವಾ ಬೇರುಗೆಡ್ಡೆಯೇ ಅದಕ್ಕೆ ದಾರಿ. ಗೆಡ್ಡೆಯಾದರೆ ತಾಯಿ ಮೆಳೆಯ ವಯಸ್ಸು ತಿಳಿದಿರಬೇಕು. ಬಿದಿರು ಬಾಳಿನಲ್ಲಿ ಒಮ್ಮೆ ಹೂ ಬಿಟ್ಟು ಸಾಯುವ ಗಿಡ. ಹೆಬ್ಬಿದಿರಿಗೆ ಆ ಕಾಲ ನಲವತ್ತು ವರ್ಷದ ಆಸುಪಾಸು. ಕಿರುಬಿದಿರಿಗೆ ಸಾಮಾನ್ಯವಾಗಿ ಇಪ್ಪತ್ತರ ಮೇಲೆ, ಜಾಗದಿಂದ ಜಾಗಕ್ಕೆ ಬೇರೆ. ತಾಯಿಯಿಂದ ಕಿತ್ತ ಗೆಡ್ಡೆ ತಾಯಿಯ ವಯಸ್ಸನ್ನೇ ಹೊತ್ತು ಬರುತ್ತದೆ. ಇನ್ನೆರಡು ವರ್ಷದಲ್ಲಿ ಹೂ ಬಿಡಲಿರುವ ಮೆಳೆಯಿಂದ ತಂದದ್ದು ನಿಮ್ಮ ಹೊಲದಲ್ಲೂ ಬಹುಮಟ್ಟಿಗೆ ಅದೇ ಕಾಲಕ್ಕೆ ಹೂ ಬಿಟ್ಟು ಒಣಗುತ್ತದೆ. ಹೂವಾದ ಮೇಲೆ ಬೀಳುವ ಬಿದಿರಕ್ಕಿಯನ್ನು ಸೋಲಿಗರೂ ಊರಾಳಿಗಳೂ ಆರಿಸಿ ಉಂಡದ್ದನ್ನು ನಿಮ್ಮ ಅಜ್ಜಿಯರು ಹೇಳಿರಬಹುದು. ಅದೇ ಅಕ್ಕಿಗೆ ಇಲಿಗಳೂ ಬರುತ್ತವೆ. ಮಿಜೋರಾಂ ನಾಡಿನಲ್ಲಿ ಅಲ್ಲಿಯ ಕಾಡು ಬಿದಿರು ೧೯೫೯ರ ಹೊತ್ತಿಗೆ ಒಟ್ಟಿಗೆ ಹೂ ಬಿಟ್ಟು, ಇಲಿ ಹೆಚ್ಚಿ, ಭತ್ತವೆಲ್ಲ ಹೋಗಿ ಕ್ಷಾಮವೇ ಬಂತು. ಸುಮಾರು ೪೮ ವರ್ಷದ ಮೇಲೆ, ೨೦೦೭ರ ಹೊತ್ತಿಗೆ, ಪುನಃ ಹೂವಾಯಿತು. ಹೀಗಾಗಿ ಬೀಜದ ಸಸಿಯೇ ಮೇಲು. ಮೆಟ್ಟುಪಾಳ್ಯದ ಅರಣ್ಯ ಕಾಲೇಜು, ಕೊಯಮತ್ತೂರಿನ ಅರಣ್ಯ ತಳಿ ಸಂಸ್ಥೆ, ಕೇರಳದ ಪೀಚಿಯಲ್ಲಿ ೧೯೭೫ರಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಸಂಸ್ಥೆ, ಇಂಥ ಕಡೆ ವಿಚಾರಿಸಿದರೆ ಮೂಲ ತಿಳಿದ ಸಸಿಯ ದಾರಿ ಸಿಗುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಬಣ್ಣದ ಕಾಗದ ತರುವವರಿಗೆ ತಾಯಿ ಮೆಳೆಯ ವಯಸ್ಸು ಕೇಳಿ ನೋಡಿ, ಉತ್ತರ ಬರಲಾರದು.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರೋಣ. ಅದು ಆನೆ.

ನಾವಿರುವುದು ೨೦೧೩ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಮೀಸಲು ಅರಣ್ಯದ ನಡುವೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮುದುಮಲೆ, ಬಂಡೀಪುರ. ಆನೆಗಳಿಗೆ ಇದು ಹಾದುಹೋಗುವ ಬೀದಿ. ಆನೆಗೆ ಬಿದಿರೆಂದರೆ ನಮ್ಮ ಮಕ್ಕಳಿಗೆ ಕಬ್ಬು ಇದ್ದಂತೆ. ನಮ್ಮ ಹಿತ್ತಲ ಹದಿನೇಳು ಮೆಳೆಗಳಲ್ಲಿ ಏಳು ಕಾಡಿನ ಬದಿಯ ಗೋಡೆಗೆ ಹತ್ತಿರವಿದ್ದವು. ೨೦೧೯ರ ಜನವರಿಯಲ್ಲಿ ಒಂದು ರಾತ್ರಿ ಗೋಡೆ ಬಿದ್ದ ಸದ್ದಾಯಿತು. ಅಡುಗೆಯವರು ಎಮ್ಮೆ ಬಿಚ್ಚಿಕೊಂಡಿತೆಂದು ಬ್ಯಾಟರಿ ಹಿಡಿದು ಹಿಂಬಾಗಿಲ ಚಿಲಕ ತೆಗೆದರು. ನಾಯಿ ಹೊಸ್ತಿಲಿಗೆ ಅಡ್ಡ ನಿಂತು ಬೊಗಳಿದ ರೀತಿಗೆ ಅವರು ಹೆಜ್ಜೆ ಹಿಂದಿಟ್ಟರು. ಬಾಗಿಲಿನಿಂದ ಹದಿನೈದು ಅಡಿಯಲ್ಲಿ ಆನೆ ನಿಂತಿತ್ತು. ಗೋಡೆ ಹೋದದ್ದು ದೊಡ್ಡ ಮಾತಲ್ಲ. ಆ ಮನುಷ್ಯನಿಗೆ ಮೂವರು ಮಕ್ಕಳು. ಬೆಳಗಿನ ತನಕ ನಮಗೆ ನಿದ್ದೆ ಬರಲಿಲ್ಲ, ಏಕೆಂದರೆ ಆ ಆನೆಯನ್ನು ಕರೆದವರು ನಾವೇ. ಅದೇ ತಿಂಗಳು ಆ ಏಳು ಮೆಳೆಗಳನ್ನು ಬೇರು ಸಹಿತ ಅಗೆಸಿ ಹಾಕಿದೆವು. ನೆಡುವುದಕ್ಕೆ ಒಂದು ದಿನ ಹಿಡಿದಿತ್ತು, ಅಗೆಯಲು ನಾಲ್ಕು ಆಳಿಗೆ ಒಂಬತ್ತು ದಿನ ಹಿಡಿಯಿತು.

ಆದ್ದರಿಂದ ಕಾಡಿನ ಕಂದಕಕ್ಕೆ ತಾಗಿದ ಹೊಲದವರು, ಮನೆ ಒಂಟಿಯಾಗಿರುವವರು, ಶಾಲೆಗೆ ಹೋಗುವ ಕಾಲುದಾರಿಯ ಪಕ್ಕದವರು ಬಿದಿರು ನೆಡಲೇಬೇಡಿ. ಹೆಬ್ಬಿದಿರಿನ ಮುಳ್ಳು ಬೇಲಿ ಹಂದಿಯನ್ನೂ ದನವನ್ನೂ ತಡೆಯುತ್ತದೆ, ಆನೆಯನ್ನು ಕರೆಯುತ್ತದೆ. ನಡುವೆ ಬೇರೆಯವರ ಹೊಲಗಳಿದ್ದು ಊರ ಒಳಗಿರುವ ಜಮೀನಿನ ಬದುವಿನಲ್ಲಿ ನೆಡಬಹುದು. ಬಿದಿರು ಉಳಿಸಲೆಂದು ಮನೆಯ ಕರೆಂಟನ್ನು ಬೇಲಿಯ ತಂತಿಗೆ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಇಂದೇ ಬಿಟ್ಟುಬಿಡಿ. ಅದು ಅಪರಾಧ. ಆ ತಂತಿಗೆ ಆನೆ, ಹಸು, ಕತ್ತಲಲ್ಲಿ ಬಹಿರ್ದೆಸೆಗೆ ಹೋದ ಮನುಷ್ಯ, ಎಲ್ಲರೂ ಒಂದೇ. ಮುಳ್ಳುಹಂದಿಯ ಕಾಟಕ್ಕೆ ಮಾತ್ರ ಬೇರೆ ಉಪಾಯವಿದೆ. ಕಳಲೆ ಏಳುವ ಕಾಲದಲ್ಲಿ ಬುಡದ ಸುತ್ತ ಕಲ್ಲು ಜೋಡಿಸಿ, ಮೇಲೆ ಲಂಟಾನದ ಮುಳ್ಳು ಹೊರೆ ಹಾಕಿದರೆ ಬಹುಪಾಲು ಉಳಿಯುತ್ತದೆ.

ಬೆಳೆದ ಮೆಳೆಯನ್ನು ಕಡಿಯುವುದರಲ್ಲೂ ಅರಿವು ಬೇಕು. ಮಳೆಗಾಲದಲ್ಲಿ ಎದ್ದ ಕಳಲೆ ಎರಡು ಮೂರು ತಿಂಗಳಲ್ಲೇ ತನ್ನ ಪೂರಾ ಎತ್ತರ ಮುಟ್ಟುತ್ತದೆ. ಎತ್ತರವಾಯಿತೆಂದು ಬಲಿಯಿತು ಎನ್ನಲಾಗದು. ಅದು ಬಲಿಯಲು ಮೂರು ವರ್ಷ ಬೇಕು. ಪ್ರತಿವರ್ಷ ಮೂರು ವರ್ಷ ದಾಟಿದ ಗಳಗಳನ್ನು ಮಾತ್ರ ತೆಗೆದು, ಎಳೆಯವನ್ನು ಬಿಡಬೇಕು. ಈ ವರ್ಷದ್ದೇ ಮುಂದಿನ ವರ್ಷದ ಕಳಲೆಗೆ ತಾಯಿ. ಯಾವುದು ಯಾವ ವರ್ಷದ್ದೆಂದು ಮರೆಯದಿರಲು ನಾವು ವರ್ಷಕ್ಕೊಂದು ಬಣ್ಣದ ಪೇಂಟಿನ ಚುಕ್ಕೆ ಇಡುತ್ತೇವೆ. ಕ್ರಿಸ್ಮಸ್ ನಕ್ಷತ್ರಕ್ಕೆ ಬಿದಿರು ಬೇಕೆಂದು ಬರುವ ನಮ್ಮ ಯುವಕರು ಸುಲಭವಾಗಿ ಬಗ್ಗುತ್ತದೆಂದು ಆ ವರ್ಷದ ಹಸಿ ಗಳವನ್ನೇ ಹುಡುಕಿ ಕಡಿಯುತ್ತಾರೆ. ಆ ಒಂದು ನಕ್ಷತ್ರಕ್ಕೆ ಎರಡು ಮೂರು ಗಳಗಳ ನಷ್ಟ. ಹಳೆಯದನ್ನೇ ಸೀಳಿ ನೀರಲ್ಲಿ ನೆನೆಸಿದರೆ ಅದೂ ಬಗ್ಗುತ್ತದೆ ಎಂದು ಅವರಿಗೆ ಎಷ್ಟೋ ಸಲ ಹೇಳಿದ್ದೇವೆ. ಕಡಿಯುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಆಗ ಗಳದಲ್ಲಿ ಹಿಟ್ಟಿನ ಅಂಶ ಕಡಿಮೆ ಇದ್ದು ಕುಟ್ಟೆ ಹಿಡಿಯುವುದು ಕಡಿಮೆ. ಕಡಿದ ಮೇಲೆ ಮೂರು ವಾರ ಹರಿಯುವ ನೀರಿನಲ್ಲೋ ಕೆರೆಯಲ್ಲೋ ಮುಳುಗಿಸಿಟ್ಟು ನೆರಳಲ್ಲಿ ಒಣಗಿಸಿದರೆ ಹಲವು ವರ್ಷ ಬಾಳುತ್ತದೆ.

ನಮ್ಮ ಕಡೆಯ ಅನುಭವ ಹೇಳುವುದಾದರೆ ೨೦೧೫ರ ಸಸಿಗಳಿಂದ ೨೦೨೧ರಲ್ಲಿ ಮೊದಲ ಬಾರಿ ಕಡಿದೆವು. ಆರು ವರ್ಷ! ಬಣ್ಣದ ಕಾಗದದಲ್ಲಿ ಮೂರನೆಯ ವರ್ಷದಿಂದಲೇ ಆದಾಯ ಎಂದಿತ್ತು. ಕಡಿದದ್ದರಿಂದ ದೊಡ್ಡ ಹಣ ಬರಲಿಲ್ಲ, ಆದರೆ ಬಾಳೆಗೆ ಆಸರೆ, ಟೊಮೆಟೊಗೆ ಊರುಗೋಲು, ಕೋಳಿಗೂಡು, ಮೊರ, ಮಂಕರಿ ಇವುಗಳಿಗೆ ಹಣ ಕೊಡುವುದು ನಿಂತಿತು. ಸಣ್ಣ ರೈತನಿಗೆ ಬಿದಿರಿನ ಲಾಭ ಹೀಗೆ ಉಳಿತಾಯದ ರೂಪದಲ್ಲಿ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹತ್ತು ಮೆಳೆ ಒಂದು ಮನೆಗೆ ಧಾರಾಳ. ಅದಕ್ಕೆ ರಾಗಿ ಹೊಲ ಕೊಡಬೇಕಾಗಿಲ್ಲ.

ಮಾರುವ ಆಸೆ ಇರುವವರು ಕಾನೂನನ್ನು ತಿಳಿದಿರಬೇಕು. ಭಾರತೀಯ ಅರಣ್ಯ ಕಾಯಿದೆಯಲ್ಲಿ 'ಮರ' ಎಂಬ ಪಟ್ಟಿಯಿಂದ ಬಿದಿರನ್ನು ೨೦೧೭ರಲ್ಲಿ ತೆಗೆದುಹಾಕಿದರು, ಸ್ವಂತ ಜಮೀನಿನ ಬಿದಿರಿಗೆ ಇನ್ನು ಪರವಾನಗಿ ಬೇಡ ಎಂದು ಪತ್ರಿಕೆಗಳಲ್ಲಿ ಬಂತು. ಆದರೆ ಅದು ೧೯೨೭ರ ಕಾಯಿದೆ. ತಮಿಳುನಾಡಿನಲ್ಲಿ ನಡೆಯುವುದು ೧೮೮೨ರ ಹಳೆಯ ಮದ್ರಾಸ್ ಅರಣ್ಯ ಕಾಯಿದೆ. ೧೯೫೬ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಇತ್ತ ಉಳಿಯಿತು. ಚಾಮರಾಜನಗರದ ನೆಂಟರು "ನಮ್ಮಲ್ಲಿ ಹೀಗೆ" ಎಂದು ಹೇಳುವುದು ನಮಗೆ ಹೊಂದುವುದಿಲ್ಲ. ಗಾಡಿಗೆ ಹೇರುವ ಮುಂಚೆ ರೇಂಜ್ ಆಫೀಸಿನಲ್ಲಿ ಪಟ್ಟಾ ತೋರಿಸಿ ಬರಹದಲ್ಲಿ ಉತ್ತರ ಪಡೆಯಿರಿ. ಚೆಕ್‌ಪೋಸ್ಟಿನಲ್ಲಿ ಬಾಯಿಮಾತು ನಡೆಯದು. ಕಾಡಿನಲ್ಲಿ ಬಾಳುವ ಬುಡಕಟ್ಟಿನವರಿಗೆ ೨೦೦೬ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಬಿದಿರು ಕಿರು ಅರಣ್ಯ ಉತ್ಪನ್ನವೆಂದು ಸೇರಿದೆ. ಅದು ಅವರ ಹಕ್ಕು, ನಮ್ಮ ಹೊಲದವರು ಅದರ ಹೆಸರಿನಲ್ಲಿ ಕಾಡಿಗೆ ಕತ್ತಿ ಒಯ್ಯಬಾರದು.

ಈ ಅಂಕಣ ಆರೋಗ್ಯದ್ದೂ ಆದ್ದರಿಂದ ಅಡುಗೆ ಮನೆಗೆ ನಾಲ್ಕು ಮಾತು. ಕಳಲೆ ರುಚಿಯಾದ ಆಹಾರ. ನಾರು ಹೆಚ್ಚು, ಕೊಬ್ಬು ಕಡಿಮೆ, ಮಲಬದ್ಧತೆ ಇರುವವರಿಗೆ ಒಳ್ಳೆಯದು. ಆದರೆ ಹಸಿ ಕಳಲೆಯಲ್ಲಿ ಸಯನೈಡ್ ವಿಷ ಬಿಡುವ ವಸ್ತುವಿದೆ. ನಮ್ಮ ಹಿರಿಯರಿಗೆ ವಿಷದ ಹೆಸರು ಗೊತ್ತಿರಲಿಲ್ಲ, ಅದನ್ನು ಕಳೆಯುವ ಬಗೆ ಗೊತ್ತಿತ್ತು. ತೆಳ್ಳಗೆ ಹೆಚ್ಚಿ, ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಕಡೆಗೆ ಮುಚ್ಚಳ ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ ಆ ನೀರನ್ನೂ ಬಸಿದು ಚೆಲ್ಲಬೇಕು. ಇತ್ತೀಚೆಗೆ ಸಮಯವಿಲ್ಲವೆಂದು ಒಂದೇ ರಾತ್ರಿ ನೆನೆಸಿ ಕುಕ್ಕರಿನಲ್ಲಿ ಕೂಗಿಸುವವರಿದ್ದಾರೆ. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಜೊತೆ ಹೋಗಬೇಕಾದದ್ದು ಸರಿಯಾಗಿ ಹೋಗುವುದಿಲ್ಲ. ನೆನೆಸಿದ ನೀರನ್ನು ಕಲಗಚ್ಚಿಗೆ ಸುರಿಯಬೇಡಿ, ದನ ಕುಡಿದೀತು. ತಿಂದ ಮೇಲೆ ತಲೆಸುತ್ತು, ವಾಂತಿ, ಉಸಿರಾಟದ ಕಷ್ಟ ಕಂಡರೆ ಮಜ್ಜಿಗೆ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಳಗಂಡ ಅಥವಾ ಥೈರಾಯ್ಡ್ ತೊಂದರೆ ಇರುವವರು ಕಳಲೆಯನ್ನು ಪದೇ ಪದೇ ತಿನ್ನದಿರುವುದು ಲೇಸು.

ಕಡಿದ ಬಿದಿರಿನ ಮೋಟು ಇನ್ನೊಂದು ಕಾಯಿಲೆಯ ಮೂಲ. ಗೆಣ್ಣಿನಿಂದ ಮೇಲಕ್ಕೆ ಒಂದು ಗೇಣು ಬಿಟ್ಟು ಕಡಿದರೆ ಆ ಟೊಳ್ಳು ಲೋಟದ ಹಾಗೆ ನಿಂತು ಮಳೆನೀರು ತುಂಬಿಕೊಳ್ಳುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡಲು ಅಷ್ಟೇ ನೀರು ಸಾಕು. ಗೆಣ್ಣಿಗೆ ಸರಿಯಾಗಿ, ಅದರ ಮೇಲೆ ಒಂದು ಬೆರಳಿಗಿಂತ ಹೆಚ್ಚು ಬಿಡದೆ ಓರೆಯಾಗಿ ಕಡಿಯಿರಿ. ಇದರಿಂದ ಮೆಳೆಯ ಬುಡ ಕೊಳೆಯುವುದೂ ತಪ್ಪುತ್ತದೆ. ಕಳಲೆಯ ಹಾಳೆಯ ಮೇಲಿನ ಕಂದು ಸುಂಕು ಮೈಗೆ ತಾಗಿದರೆ ವಿಪರೀತ ತುರಿಕೆ, ಕಣ್ಣಿಗೆ ಹೋದರೆ ಇನ್ನೂ ಕಷ್ಟ. ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲು ಸುತ್ತಿ ಕೆಲಸ ಮಾಡಿ. ಬಿದಿರು ಸೀಳುವಾಗ ಕೈ ಕೊಯ್ದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ, ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೆನೆಸಿಕೊಂಡು ಆಸ್ಪತ್ರೆಗೆ ಹೋಗಿ.

ಬಣ್ಣದ ಕಾಗದ ತಂದವರ ಹೊಲವನ್ನು ನಾವು ಮರುವಾರವೇ ಹೋಗಿ ನೋಡಿದೆವು. ಮೇಲಿನ ಬದು ಕಾಡಿನ ಕಂದಕಕ್ಕೆ ತಾಗಿದೆ, ಅಲ್ಲಿ ಆನೆಯ ಹೆಜ್ಜೆಯೂ ಕಂಡಿತು. ಕೆಳಗಿನ ಬದು ಬಾವಿಯ ಹತ್ತಿರ, ಆಚೆ ಮೂರು ಮನೆಯವರ ಹೊಲ. "ಮೇಲೆ ಒಂದೂ ಬೇಡ, ಕೆಳಗೆ ಬೇಕಾದರೆ ಎಂಟು ಕಿರುಬಿದಿರು, ರಾಗಿ ಇರಲಿ, ಓಲೆ ಮನೆಯಲ್ಲೇ ಇರಲಿ" ಎಂದೆವು. ಅವರಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. "ಎಂಟರಿಂದ ಏನಾಗ್ತದೆ ಸ್ವಾಮಿ?" ಎಂದರು. ಅವರ ಹೆಂಡತಿ ಮಾತ್ರ ಆಗಲೇ ಬಾವಿಯ ಕಡೆಯ ಬದುವನ್ನು ಹೆಜ್ಜೆಯಿಂದ ಅಳೆಯುತ್ತಿದ್ದರು.

ಬೀಜದಿಂದ ಮಾಡಿದ ಕಿರುಬಿದಿರು ಸಸಿಗಳನ್ನು ಈ ಸಲ ಧರ್ಮಕೇಂದ್ರದ ವತಿಯಿಂದ ಒಟ್ಟಾಗಿ ತರಿಸುವ ಯೋಚನೆಯಿದೆ. ಬೇಕಾದವರು ಮೇ ತಿಂಗಳ ಕೊನೆಯ ಭಾನುವಾರದೊಳಗೆ ಉಪದೇಶಿಗಳ ಬಳಿ ಹೆಸರು ಬರೆಸಬೇಕು. ಮನೆಗೆ ಹತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೊಲ ಕಾಡಿನಿಂದ ಎಷ್ಟು ದೂರ, ನೀರು ಎಲ್ಲಿಂದ ಎಂಬುದನ್ನೂ ಹೇಳಬೇಕು. ಗುಂಡಿಯನ್ನು ಏಪ್ರಿಲ್‌ನಲ್ಲೇ ತೆಗೆದಿಡಿ. ಸಸಿ ಒಯ್ಯಲು ಬರುವಾಗ ಬೇರು ಸುತ್ತಿಕೊಳ್ಳಲು ಒಂದು ಒದ್ದೆ ಗೋಣಿಚೀಲ ತನ್ನಿ.